ಒಂದು ಗಂಟೆ, ಮೂವತ್ತೆರಡು ಬೆಂಚು

ನನ್ನ ಮೊಮ್ಮಗಳಿಗೆ ಬುಗುರಿ ಎಂಬ ಹೆಸರು ಬಂದದ್ದು ನಡೆಯಲು ಕಲಿತ ಮೇಲೆ. ನಡೆಯಲು ಅವಳು ಕಲಿಯಲೇ ಇಲ್ಲ ಎಂದರೂ ನಡೆದೀತು, ನೇರವಾಗಿ ಓಡಲೇ ಶುರುಮಾಡಿದಳು. ಇಡೀ ಮನೆ ಗಿರಗಿರನೆ ಸುತ್ತಿ, ಯಾವುದಾದರೂ ಬಾಗಿಲಿಗೆ ಡಿಕ್ಕಿ ಹೊಡೆದು, ಬಿದ್ದಲ್ಲೇ ನಿದ್ದೆ ಹೋಗುತ್ತಿದ್ದಳು. ಈಗ ಅವಳಿಗೆ ಹತ್ತೊಂಬತ್ತು. ಕಾಲೇಜಿನ ಎರಡನೇ ವರ್ಷ, ಹಾಸ್ಟೆಲ್ ವಾಸ, ಬೆಳಗ್ಗೆ ಸಂಜೆ ವಾಲಿಬಾಲ್. ನಡುನಡುವೆ ಓದೂ ಇದೆ ಅನ್ನುತ್ತಾಳೆ, ಇರಬಹುದು.

ಮೂರು ವಾರದ ರಜೆಗೆ ಬಂದವಳು ತಂದದ್ದು ಎರಡು ಚೀಲ. ಒಂದರಲ್ಲಿ ಒಗೆಯದ ಬಟ್ಟೆ, ಇನ್ನೊಂದರಲ್ಲಿಯೂ ಒಗೆಯದ ಬಟ್ಟೆ. ಬಂದ ದಿನ ಮಲಗಿದವಳು ಮರುದಿನ ಹನ್ನೊಂದಾದರೂ ಏಳಲಿಲ್ಲ. ನನ್ನ ಮಗಳು, ಅಂದರೆ ಅವಳ ಅಮ್ಮ, ಬೇಕರಿಯಲ್ಲಿ ಕೆಲಸ ಮಾಡುವವಳು. ನಸುಕಿನಲ್ಲೇ ಹೋಗಿ ನೂರಾರು ಬ್ರೆಡ್ ತೆಗೆದಿಟ್ಟು ಬಂದರೂ ಮಗಳು ಮಗ್ಗುಲು ಬದಲಿಸಿರಲಿಲ್ಲ.

"ಏಳೇ! ಒಲೆಗೆ ಹಾಕಿದ ಬ್ರೆಡ್ಡೂ ಇಷ್ಟು ಹೊತ್ತಿಗೆ ಉಬ್ಬಿ ಎದ್ದಿರುತ್ತೆ."

"ಅಮ್ಮಾ, ರಜೆ."

"ರಜೆ ಕಾಲೇಜಿಗೆ ಕೊಟ್ಟಿದ್ದು, ಸೊಂಟಕ್ಕಲ್ಲ."

"ಅಜ್ಜೀ, ನಿನ್ನ ಮಗಳಿಗೆ ಏನಾದ್ರೂ ಹೇಳು!"

ತಾಯಿ ಮಗಳ ನಡುವೆ ತಲೆ ಹಾಕಿದವರು ಇಬ್ಬರಿಂದಲೂ ಬೈಸಿಕೊಳ್ಳುತ್ತಾರೆ. ನಾನು ಬಟ್ಟೆ ಹೊಲಿಯುತ್ತಾ ಕೇಳುತ್ತಾ ಕೂರುವವಳು. ಕೇಳುತ್ತಾ ಕೂತರೆ ಕೇಳದಿದ್ದರೂ ಎಲ್ಲ ಗೊತ್ತಾಗುತ್ತದೆ.

ಹಾಗೆಯೇ ಗೊತ್ತಾದದ್ದು ಆ ಕಾಗದದ ವಿಷಯ. ನಾಲ್ಕನೇ ದಿನಕ್ಕೆ ರಜೆಯ ರುಚಿ ಕೆಟ್ಟಿತ್ತು. ಗೆಳತಿಯರೆಲ್ಲ ಒಂದೊಂದು ದಿಕ್ಕು, ಕೈ ಸುಮ್ಮನಿರದು. ಕಾಲುಚೀಲವನ್ನು ಉಂಡೆ ಕಟ್ಟಿ ಬಟ್ಟೆ ಒಣಹಾಕುವ ಹಗ್ಗದ ಆಚೆಗೆ ಹೊಡೆಯುವುದು, ಓಡಿಹೋಗಿ ಈಚೆಗೆ ಹೊಡೆಯುವುದು. ಹೊಡೆಯುತ್ತಲೇ ಹೇಳಿದಳು:

"ಅಜ್ಜಿ, ಒಂದು ವರ್ಷ ಪೂರ್ತಿ ನಾನು ಹೊರಗೆ ಬೆಂಚಿನ ಮೇಲೇ ಕೂತಿದ್ದೆ, ಗೊತ್ತಾ? ಆಟ ಆಡೋರಿಗೆ ನೀರು ಕೊಡೋದು, ಟವೆಲ್ ಕೊಡೋದು. ಈ ಸಲ ಆರು ಜನರಲ್ಲಿ ನಾನೂ ಒಬ್ಳು. ಆದ್ರೆ ಸೀಟಿ ಸಾರ್ ಒಂದು ಕೊಕ್ಕೆ ಇಟ್ಟಿದ್ದಾರೆ."

ಸೀಟಿ ಸಾರ್ ಎಂದರೆ ಅವರ ಆಟದ ಮೇಷ್ಟ್ರು. ಊಟ ಮಾಡುವಾಗಲೂ ಸೀಟಿ ಕೊರಳಲ್ಲೇ ಇರುತ್ತದಂತೆ. ಆಟಗಾರರೆಲ್ಲ ರಜೆಯಲ್ಲಿ ಇಪ್ಪತ್ತು ಗಂಟೆ ಸರ್ವಿಸ್ ಮಾಡಬೇಕು, ತಮ್ಮನ್ನು ಬೆಳೆಸಿದ ಜಾಗಕ್ಕೆ ಏನಾದರೂ ಮರಳಿ ಕೊಡಬೇಕು ಎಂದು ಅವರ ಕಾಲೇಜಿನ ಕಟ್ಟಳೆ. ಅದನ್ನು ಬರೆದು, ಸಹಿ ಹಾಕಿಸಿ, ಲಕೋಟೆ ಅಂಟಿಸಿ ತರಬೇಕು. ಹೋದ ವರ್ಷ ಯಾರೋ ತಮ್ಮ ಚಿಕ್ಕಪ್ಪನ ಕೈಲಿ ನೂರು ಗಂಟೆ ಎಂದು ಬರೆಸಿಕೊಂಡು ಬಂದಿದ್ದರಿಂದ ಈ ಸಲ ಬಲು ಬಿಗಿ. ಕಾಗದವಿಲ್ಲದಿದ್ದರೆ ಆಟವಿಲ್ಲ.

"ನೀನು ಆಡದಿದ್ರೆ ನಿನ್ನ ಜಾಗಕ್ಕೆ ಯಾರು?" ಎಂದೆ.

"ಜಿರಾಫೆ. ನನಗಿಂತ ಒಂದು ಗೇಣು ಎತ್ತರ. ತುಂಬಾ ಒಳ್ಳೆಯವಳು ಅಜ್ಜಿ, ಅದೇ ಕಷ್ಟ. ಕೆಟ್ಟವಳಾಗಿದ್ರೆ ಬೈದಾದ್ರೂ ಸಮಾಧಾನ ಮಾಡ್ಕೋಬಹುದಿತ್ತು."

"ಮತ್ತೆ ಇಪ್ಪತ್ತು ಗಂಟೆ ಯಾವಾಗ ಮಾಡ್ತೀಯ?"

"ಮಾಡಿದ್ರಾಯ್ತು ಬಿಡು, ಇನ್ನೂ ಹದಿನೇಳು ದಿನ ಇದೆ."

ಹದಿನೇಳು ಹೋಗಿ ಹತ್ತಾಯಿತು. ಆಗ ಕಾಲಡಿ ಬೆಂಕಿ ಬಿದ್ದವಳಂತೆ ಎದ್ದಳು. ಎಲ್ಲಿ ಹೋಗುವುದು? ತಾನು ಚಿಕ್ಕಂದಿನಲ್ಲಿ ಓದಿದ ಶಾಲೆಯೇ ಸರಿ, ಅಲ್ಲಿ ಮಕ್ಕಳಿಗೆ ವಾಲಿಬಾಲ್ ಕಲಿಸುತ್ತೇನೆ ಎಂದು ತೀರ್ಮಾನಿಸಿ, ಆ ಶಾಲೆಯ ಜವಾನನಿಗೆ ಫೋನ್ ಮಾಡಿದಳು. ಮೂವತ್ತು ವರ್ಷದಿಂದ ಅಲ್ಲಿ ಗಂಟೆ ಬಾರಿಸುತ್ತಿರುವ ಅವನನ್ನು ಮಕ್ಕಳೆಲ್ಲ ಗಂಟೆ ತಾತ ಎನ್ನುತ್ತಾರೆ. ಕಿವಿ ಸ್ವಲ್ಪ ದೂರ. ಅವನೊಡನೆ ಮಾತಾಡಬೇಕಾದರೆ ಫೋನಿನ ಅಗತ್ಯವೇ ಇಲ್ಲ, ಬೀದಿಗೆಲ್ಲ ಕೇಳುತ್ತದೆ.

"ತಾತಾ, ನಾನು ಬುಗುರಿ! ಶಾಲೇಲಿ ಇಪ್ಪತ್ತು ಗಂಟೆ ಸರ್ವಿಸ್ ಮಾಡ್ಬೇಕು ನಾನು!"

"ಇಪ್ಪತ್ತು ಗಂಟೇನಾ?"

"ಹೂಂ, ಇಪ್ಪತ್ತು!"

"ಇಪ್ಪತ್ತು ಎಲ್ಲಿಂದ ತರ್ಲಿ ತಾಯೀ? ಇರೋದು ಒಂದೇ. ಬಾ, ನೋಡುವೆಯಂತೆ."

"ಒಪ್ಪಿಕೊಂಡ್ರು ಅಜ್ಜಿ," ಎಂದಳು ಬುಗುರಿ, ಫೋನ್ ಇಟ್ಟು. ಒಂದೇ ಎಂದದ್ದನ್ನು ಅವಳು ಮೊದಲ ದಿನ ಒಂದೇ ಗಂಟೆ ಸಾಕು ಎಂದು ತಿಳಿದಳಂತೆ. ನನಗೆ ಅದು ಅಷ್ಟು ಸರಿ ಅನ್ನಿಸಲಿಲ್ಲ. ಕೂತು ಬೇಸರವಾಗಿತ್ತು, ನಾನೂ ಜೊತೆಗೆ ಹೊರಟೆ. ಅವಳ ಕಾಲಿಗೆ ಹತ್ತು ನಿಮಿಷದ ದಾರಿ. ನನ್ನ ಮಂಡಿಗೆ ಇಪ್ಪತ್ತೈದು.

ಹೋಗಿ ನೋಡಿದರೆ ಶಾಲೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಕಾಲೇಜಿಗೆ ರಜೆಯಾದರೆ ಶಾಲೆಗೂ ರಜೆಯಿರುತ್ತದೆ ಎಂಬುದು ಕಾಲೇಜು ಓದುವವಳಿಗೆ ಹೊಳೆದಿರಲಿಲ್ಲ. ಹೊರಗಿನ ಜಗಲಿಯಲ್ಲಿ ಒಂದು ಮೇಜು. ಮೇಜಿನ ಮೇಲೆ ಹಳೇ ಬಟ್ಟೆ, ಎಣ್ಣೆ ಡಬ್ಬಿ, ಇಕ್ಕಳ, ನಡುವೆ ಮಲಗಿಸಿಟ್ಟ ಶಾಲೆಯ ಗಂಟೆ. ಪಕ್ಕದಲ್ಲಿ ಗಂಟೆ ತಾತ, ರೋಗಿಯನ್ನು ಡಾಕ್ಟರಿಗೆ ತೋರಿಸುವವನ ಹಾಗೆ ನಿಂತಿದ್ದ.

"ಸರ್ವಿಸ್ ಅಂದ್ಯಲ್ಲ, ತೆಗೆದಿಟ್ಟಿದ್ದೀನಿ. ಕಾಲೇಜಲ್ಲಿ ಇದನ್ನೂ ಕಲಿಸ್ತಾರಾ ಈಗ? ಒಳ್ಳೇದಾಯ್ತು. ಇದರ ನಾಲಿಗೆ ಬಿದ್ದುಹೋಗಿ ಆರು ತಿಂಗಳಾಯ್ತು. ಸುತ್ತಿಗೇಲಿ ಹೊಡೀತಿದ್ದೀನಿ."

ಬುಗುರಿ ಗಂಟೆಯನ್ನು ನೋಡಿದಳು, ತಾತನನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ.

"ಆ ಗಂಟೆ ಅಲ್ಲ ತಾತಾ! ಮರಳಿ ಕೊಡೋ ಸರ್ವಿಸ್. ಶಾಲೆ ನನಗೆ ಕೊಟ್ಟಿದ್ದನ್ನ ನಾನು ಮರಳಿ ಕೊಡಬೇಕು!"

ಮರಳಿ ಕೊಡುವುದು ಎಂಬ ಮಾತು ಮಾತ್ರ ಅವನಿಗೆ ಒಂದೇ ಏಟಿಗೆ ಕೇಳಿಸಿತು.

"ಅದಾ? ಹಾಗಂತ ಮೊದಲೇ ಹೇಳಬಾರದಾ? ನಾಲ್ಕನೇ ಕ್ಲಾಸಿನ ಕಿಟಕಿ ಗಾಜು, ಎರಡು. ಚೆಂಡು ತೆಗೆಯೋಕೆ ಮಾಳಿಗೆ ಹತ್ತಿ ಮುರಿದ ನೀರಿನ ಪೈಪು, ಒಂದು. ಆಮೇಲೆ ನನ್ನ ಏಣಿ."

"ಏಣಿ ನಾನಲ್ಲ!"

"ಏಣಿ ಮೇಲೆ ನೀನೇ ಇದ್ದೆ."

ನನಗೆ ನಗು ತಡೆಯಲಾಗಲಿಲ್ಲ. ಬುಗುರಿಗೂ ಕೊನೆಗೆ ನಗು ಬಂತು. ಬಂದದ್ದು ಬಂದಾಯಿತು, ಬರಿಗೈಲಿ ಹೋಗುವುದೇಕೆ ಎಂದು ಕೂತು, ಗಂಟೆಯ ನಾಲಿಗೆಯನ್ನು ಆಟ ಕಲಿಸಲೆಂದು ತಂದಿದ್ದ ನೆಟ್ ಕಟ್ಟುವ ದಾರದಿಂದ ಮೂರು ಸುತ್ತು ಬಿಗಿದು ಕಟ್ಟಿದಳು. ತಾತ ಎತ್ತಿ ಬಾರಿಸಿದ. ಚೆನ್ನಾಗಿಯೇ ಮೊಳಗಿತು. ಆಮೇಲೆ ಒಂದು ಬಾಗಿಲು ತೆರೆದು, ಒಳಗೆ ಒಂದರ ಮೇಲೊಂದು ಪೇರಿಸಿದ್ದ ಬೆಂಚುಗಳನ್ನು ತೋರಿಸಿದ. ಮೂವತ್ತೆರಡು. ಶಾಲೆ ತೆರೆಯುವುದರೊಳಗೆ ಒಬ್ಬನೇ ಇಷ್ಟನ್ನೂ ಉಜ್ಜಿ ವಾರ್ನಿಷ್ ಹಚ್ಚಬೇಕು, ಗೋಡೆಗೂ ಬಣ್ಣ ಹೊಡೆಯಬೇಕು. ನನ್ನ ಕೈ ಎರಡೇ ಎಂದ.

ಒಂದು ವರ್ಷ ಬೆಂಚಿನ ಮೇಲೆ ಕೂತದ್ದು ಸಾಲದು ಅಂತ ಈಗ ಬೆಂಚೇ ಉಜ್ಜುವ ಗತಿ ಬಂತು ಎಂದು ಗೊಣಗುತ್ತಲೇ ಬುಗುರಿ ಒರಟು ಕಾಗದ ಕೈಗೆತ್ತಿಕೊಂಡಳು.

ಮರುದಿನದಿಂದ ದಿನಕ್ಕೆ ಮೂರು ಗಂಟೆ. ನಾನು ಒಂದು ದಿನ ಬಿಟ್ಟು ಒಂದು ದಿನ ಹೋಗಿ ಜಗಲಿಯಲ್ಲಿ ಕೂರುತ್ತಿದ್ದೆ. ಬೆಂಚಿನ ಕೆಳಗೆ ಅಂಟಿಸಿದ ಬಬಲ್‌ಗಮ್ಮನ್ನು ಕೆರೆದು ತೆಗೆಯುವುದೇ ದೊಡ್ಡ ಕೆಲಸ. ಕಲ್ಲಾಗಿರುತ್ತದೆ. ಮೇಲೆ ಶಾಯಿ, ಕೆತ್ತಿದ ಹೆಸರು, ಹೃದಯ, ಬಾಣ, ಲೆಕ್ಕದ ಮೇಷ್ಟ್ರ ಮೂಗು. ತಾತ ಬೇಕೆಂದೇ ಮೊದಲು ಕೊಟ್ಟ ಬೆಂಚಿನಲ್ಲಿ ಒಂದು ಸಾಲು ಕೆತ್ತಿತ್ತು. ನಾನು ಮೂರನೇ ಇಯತ್ತೆ ಓದಿದವಳು, ಅಕ್ಷರ ಅಕ್ಷರ ಕೂಡಿಸಿ ಓದಿದೆ. 'ಬುಗುರಿ ಈ ಬೆಂಚಿನ ರಾಣೀ.'

"ರಾಣಿಗೆ ದೀರ್ಘ ಹೆಚ್ಚಾಯ್ತಲ್ಲೇ," ಎಂದೆ.

"ಅಜ್ಜಿ, ಹತ್ತು ವರ್ಷ ಆಯ್ತು, ಈಗ ತಿದ್ದೋದಾ?"

"ತಿದ್ದಬೇಡ. ಅಳಿಸು," ಎಂದ ತಾತ. ಅದು ಅವನಿಗೆ ಹೇಗೆ ಕೇಳಿತೋ.

ಮೊದಲ ಎರಡು ದಿನ ಅವಳು ಐದು ನಿಮಿಷಕ್ಕೊಮ್ಮೆ ಕೈಗಡಿಯಾರ ನೋಡಿದಳು. ಮೂರನೇ ದಿನ ಮರದ ಧೂಳು ಒಳಗೆ ಹೋಗುತ್ತದೆಂದು ಗಡಿಯಾರ ಬಿಚ್ಚಿಟ್ಟಳು. ಆಮೇಲೆ ನೋಡಿದ ಹಾಗೆ ಕಾಣಲಿಲ್ಲ. ಉಜ್ಜುತ್ತಾ ಉಜ್ಜುತ್ತಾ ಮಾತು ಬರುತ್ತದೆ. ಕೈಗೆ ಕೆಲಸವಿದ್ದರೆ ಬಾಯಿ ನಿಜ ಹೇಳುತ್ತದೆ, ಹೊಲಿಗೆಯಲ್ಲೂ ನೋಡಿದ್ದೇನೆ.

"ಆಟದಲ್ಲಿ ನನ್ನ ಕೆಲಸ ಏನು ಗೊತ್ತಾ ಅಜ್ಜಿ? ಚೆಂಡು ಎತ್ತಿಕೊಡೋದು. ನಾನು ಎತ್ತಿಕೊಡ್ತೀನಿ, ಇನ್ನೊಬ್ಳು ಹಾರಿ ಹೊಡೀತಾಳೆ. ಹೊಡೆದೋರಿಗೆ ಚಪ್ಪಾಳೆ, ಎತ್ತಿಕೊಟ್ಟೋರಿಗೆ ಬೆರಳು ನೋವು."

"ಬೇಜಾರಾ?"

"ಮೊದಮೊದಲು ಆಗ್ತಿತ್ತು. ಈಗ ಹೊಡೆದೋಳಿಗಿಂತ ಜೋರಾಗಿ ನಾನೇ ಕಿರುಚ್ತೀನಿ." ಸ್ವಲ್ಪ ಹೊತ್ತು ಉಜ್ಜಿದಳು. "ಮಕ್ಕಳಿಗೆ ಆಟ ಕಲಿಸ್ತೀನಿ, ಅವರೆಲ್ಲ ಅಕ್ಕಾ ಅಕ್ಕಾ ಅಂತ ಸುತ್ತ ಮುತ್ತಿಕೊಳ್ತಾರೆ, ಫೋಟೋ ತೆಗೀಬಹುದು ಅಂತಿದ್ದೆ ಅಜ್ಜಿ. ಇಲ್ಲಿ ನೋಡಿದ್ರೆ ಯಾರೂ ಇಲ್ಲ. ಬರೋ ಮಗುವಿಗೆ ಇದನ್ನ ಯಾರು ಉಜ್ಜಿದ್ರು ಅಂತ ಗೊತ್ತೇ ಆಗಲ್ಲ."

"ಗೊತ್ತಾಗುತ್ತೆ," ಎಂದ ತಾತ. "ಲಂಗಕ್ಕೆ ಸಿಬಿರು ಸಿಕ್ಕಿಕೊಂಡರೆ ಯಾರು ಉಜ್ಜಿದ್ರು ಅಂತ ಕೇಳ್ಕೊಂಡು ಬರ್ತಾರೆ."

ಅವನ ಮಾತೇ ಹಾಗೆ, ಹೊಗಳುವುದಕ್ಕೆ ಬಾಯಿ ಬರದು. ಆದರೆ ಅವಳಿಗೆಂದು ಮನೆಯಿಂದ ಬೇಯಿಸಿದ ಮೊಟ್ಟೆ ತರುತ್ತಿದ್ದ. ಅವಳು ಬಂದಾಗೊಮ್ಮೆ ಹೋಗುವಾಗೊಮ್ಮೆ ಗಂಟೆ ಬಾರಿಸುತ್ತಿದ್ದ. ಕಟ್ಟಿದ ನಾಲಿಗೆ ನಿಲ್ಲುತ್ತದೋ ಇಲ್ಲವೋ ಪರೀಕ್ಷೆ ಮಾಡುತ್ತಿದ್ದೇನೆ ಎನ್ನುತ್ತಿದ್ದ. ರಜೆಯಲ್ಲಿ ಗಂಟೆ ಕೇಳಿ ಅಕ್ಕಪಕ್ಕದವರು ಗಾಬರಿಯಾದರು.

ಕೊನೆಯ ದಿನ ದೊಡ್ಡ ಟೀಚರ್ ಬಂದರು. ಶಾಲೆಯ ಮುಖ್ಯಸ್ಥೆ ಅವರು. ಮಗಳ ಮನೆಗೆ ಹೊರಟಿದ್ದರು, ಹೊರಗೆ ಆಟೋ ನಿಂತಿತ್ತು. ಶಾಲೆಯಲ್ಲಿ ಏನೇ ರಿಪೇರಿಯಾದರೂ ಬರೆದಿಡುವವನು ತಾತನೇ, ಆದ್ದರಿಂದ ಈ ಕಾಗದವನ್ನೂ ಅವನೇ ಬರೆದಿಟ್ಟಿದ್ದ. ಟೀಚರ್ ಕನ್ನಡಕ ಹಣೆಯ ಮೇಲಿರುವಾಗಲೇ ಸಹಿ ಹಾಕಿ, ಬುಗುರಿಯ ಕೆನ್ನೆ ತಟ್ಟಿ, "ಒಳ್ಳೇ ಕೆಲಸ ಮಾಡಿದೆ ಮಗಳೇ," ಎಂದು ಆಟೋ ಹತ್ತಿದರು. ತಾತ ಲಕೋಟೆಗೆ ಗೋಂದು ಹಚ್ಚಿ ಗುದ್ದಿ ಗುದ್ದಿ ಅಂಟಿಸಿದ. ತೆರೆದು ನೋಡಬಾರದೆಂದು ಕಟ್ಟಳೆ, ಬುಗುರಿ ನೋಡಲಿಲ್ಲ. ಮರುದಿನ ಒಗೆದ ಬಟ್ಟೆಯ ಎರಡು ಚೀಲ ಹೊತ್ತು ಕಾಲೇಜಿಗೆ ಹೋದಳು.

ಸೋಮವಾರ ಮಧ್ಯಾಹ್ನ ಮೂರಕ್ಕೆ ಫೋನ್ ಬಂತು. ಮೊದಲು ಬರೀ ಮೂಗು ಸೇದುವ ಶಬ್ದ.

"ಅಜ್ಜೀ... ಒಂದು ಗಂಟೆ ಅಂತ ಬರೆದಿದ್ದಾರೆ."

"ಯಾವುದು?"

"ಕಾಗದದಲ್ಲಿ! 'ಸರ್ವಿಸ್ ಮಾಡಿದ್ದು: ಗಂಟೆ, ಒಂದು. ಬೆಂಚು, ಮೂವತ್ತೆರಡು. ಕೆಲಸ ತೃಪ್ತಿಕರ.' ಅಷ್ಟೇ ಇರೋದು! ಸೀಟಿ ಸಾರ್ ಎಲ್ಲರ ಮುಂದೆ ಓದಿದ್ರು. ಒಂದು ಗಂಟೇಲಿ ಮೂವತ್ತೆರಡು ಬೆಂಚು ಉಜ್ಜೋಕೆ ನೀನೇನು ಮೆಷಿನ್ನಾ, ಇಲ್ಲಾ ಬೆಂಚಿನ ಮೇಲೆ ಕೂತು ಎದ್ದು ಬಂದ್ಯಾ ಅಂತಾರೆ. ಶಾಲೆಯ ಗಂಟೆ ಸಾರ್ ಅದು ಅಂದ್ರೆ, ಕಥೆ ಕಟ್ಟಬೇಡ ಅಂತಾರೆ. ಐದು ಗಂಟೆಗೆ ಆಡೋರ ಪಟ್ಟಿ ಹೋಗುತ್ತೆ ಅಜ್ಜಿ. ದೊಡ್ಡ ಟೀಚರ್ ಫೋನ್ ತೆಗೀತಿಲ್ಲ, ತಾತನೂ ತೆಗೀತಿಲ್ಲ. ಜಿರಾಫೆ ಆಗಲೇ ನನ್ನ ಹತ್ರ ಬಂದು ಸಾರಿ ಅಂದ್ಲು." ಅಲ್ಲಿಂದ ಮುಂದೆ ಅಳುವೇ.

ನನ್ನ ಮಗಳು ಬೇಕರಿಯಲ್ಲಿದ್ದಳು. ಸೀಟಿ ಸಾರ್ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು ಹೊರಟೆ. ಮಂಡಿಯನ್ನು ಅವತ್ತು ಏನೂ ಕೇಳಲಿಲ್ಲ, ಕೇಳಿದ್ದರೆ ಅದು ಬೇಡ ಎಂದೇ ಹೇಳುತ್ತಿತ್ತು.

ಗಂಟೆ ತಾತ ಏಣಿಯ ಮೇಲೆ ಗೋಡೆಗೆ ಬಣ್ಣ ಹೊಡೆಯುತ್ತಿದ್ದ. ಫೋನ್ ಕೆಳಗೆ ಬಕೆಟ್ಟಿನ ಪಕ್ಕ ಬಡಿದುಕೊಂಡು ಬಡಿದುಕೊಂಡು ಸುಮ್ಮನಾಗಿತ್ತು. ವಿಷಯ ಹೇಳಿದೆ. ಅವನಿಗೆ ಕೋಪವೇ ಬಂತು.

"ಅಕ್ಕಾ, ನಾನು ಸುಳ್ಳು ಬರೀತೀನಾ? ಒಂದೇ ಗಂಟೆ ಸರಿಮಾಡಿದ್ದು. ಇಪ್ಪತ್ತು ಅಂತ ಬರೆದ್ರೆ ನಾಳೆ ಯಾರಾದ್ರೂ ಬಂದು ಉಳಿದ ಹತ್ತೊಂಬತ್ತು ಗಂಟೆ ಎಲ್ಲಿ, ಮಾರ್ಕೊಂಡ್ಯಾ ಅಂದ್ರೆ?"

"ಅಯ್ಯೋ ಇಳಿಯಪ್ಪಾ ನೀನು. ಅವರ ಹತ್ರ ಮಾತಾಡು."

ಇಳಿದ. ನಂಬರ್ ಒತ್ತಿದೆವು. ತಾತನಿಗೆ ಕೇಳಲೆಂದು ಜೋರಾಗಿಟ್ಟಿದ್ದರಿಂದ ಎರಡೂ ಕಡೆಯ ಮಾತು ನನ್ನ ಕಿವಿಗೆ ಬಿತ್ತು.

"ಹಲೋ! ಆ ಹುಡುಗಿ ನಿಮ್ಮಲ್ಲಿ ಎಷ್ಟು ಗಂಟೆ ಮಾಡಿದ್ಲು?"

"ಒಂದೇ ಸಾರ್!"

"ಬರೀ ಒಂದಾ? ಇಪ್ಪತ್ತು ಬೇಕಿತ್ತಲ್ಲ."

"ಒಂದು ಶಾಲೆಗೆ ಇಪ್ಪತ್ತು ಯಾಕೆ ಸಾರ್? ಒಂದನ್ನ ಹೊಡೆದ್ರೇ ಎಲ್ಲಾ ಮಕ್ಕಳಿಗೂ ಕೇಳುತ್ತೆ!"

"ಏನು ಹೊಡೆದ್ರೆ? ಮಕ್ಕಳಿಗೆ ಹೊಡೀತೀರಾ?"

"ಮಕ್ಕಳಿಗಲ್ಲ ಸಾರ್. ನಾಲಿಗೆ ಬಿದ್ದುಹೋಗಿತ್ತು. ಇವಳೇ ದಾರ ಹಾಕಿ ಬಿಗಿದಳು. ಈಗ ಚೆನ್ನಾಗಿದೆ!"



"ಯಾರ ನಾಲಿಗೆ?" ಎಂದರು ಸೀಟಿ ಸಾರ್, ಮೆಲ್ಲಗೆ.

ಇನ್ನು ಬಿಟ್ಟರೆ ನನ್ನ ಮೊಮ್ಮಗಳು ಆಟದಿಂದಷ್ಟೇ ಅಲ್ಲ, ಕಾಲೇಜಿನಿಂದಲೇ ಹೊರಗೆ ಬೀಳುತ್ತಾಳೆ ಅನ್ನಿಸಿತು. ಫೋನ್ ಕಿತ್ತುಕೊಂಡೆ.

"ಸಾರ್, ನಾನು ಹುಡುಗಿ ಅಜ್ಜಿ. ಒಂದು ಉಪಕಾರ ಮಾಡಿ. ಇವರನ್ನ ಗಂಟೆ ಅಂತ ಕೇಳಬೇಡಿ. ಇವರು ಗಂಟೆ ಹೊಡೆಯೋರು, ಗಂಟೆ ಅಂದ್ರೆ ಇವರಿಗೆ ಅದೊಂದೇ. ತಾಸು ಅಂತ ಕೇಳಿ."

"ಏನಂತ?"

"ತಾಸು. ಎಷ್ಟು ತಾಸು ಕೆಲಸ ಮಾಡಿದ್ಲು ಅಂತ ಕೇಳಿ."

ಫೋನನ್ನು ತಾತನ ಕಿವಿಗೆ ಹಿಡಿದೆ. ಸೀಟಿ ಸಾರ್ ಗಂಟಲು ಸರಿಮಾಡಿಕೊಂಡು, ಪರೀಕ್ಷೆಯಲ್ಲಿ ಪ್ರಶ್ನೆ ಓದುವವರ ಹಾಗೆ ಕೇಳಿದರು.

"ಹುಡುಗಿ ಎಷ್ಟು ತಾಸು ಕೆಲಸ ಮಾಡಿದ್ಲು?"

"ತಾಸಾ? ಹಾಗೆ ಕೇಳಿ ಮತ್ತೆ! ಇಪ್ಪತ್ತಮೂರು."

"ಇಪ್ಪತ್ತಮೂರಾ?"

"ಬಂದಾಗ ಹೋದಾಗ ಗಂಟೆ ಬಾರಿಸಿದ್ದೀನಿ ಸಾರ್, ಪುಸ್ತಕದಲ್ಲಿ ಬರೆದಿದ್ದೀನಿ. ಓದ್ಲಾ?"

ಓದಿದ. ಎಂಟು ದಿನದ್ದನ್ನೂ ಬಂದ ಹೊತ್ತು, ಹೋದ ಹೊತ್ತು ಸಮೇತ, ಬಣ್ಣದ ಬೆರಳು ಇಟ್ಟು ಇಟ್ಟು ಓದಿದ. ನಡುವೆ, 'ಈ ದಿನ ಎರಡು ಮೊಟ್ಟೆ ತಿಂದಳು' ಎಂಬುದನ್ನೂ ಓದಿದ. ಆ ಕಡೆಯಿಂದ ಒಂದು ಶಬ್ದ ಬಂತು. ಮೊದಲು ಕೆಮ್ಮು ಎಂದುಕೊಂಡೆ. ಸೀಟಿ ಸಾರ್ ನಗುತ್ತಿದ್ದರು.

"ಸಾಕು, ಸಾಕು. ಆ ಪುಸ್ತಕದಲ್ಲಿ ಇರೋದನ್ನೇ ಬರೆದು, ಟೀಚರ್ ಬಂದ ಮೇಲೆ ಸಹಿ ಹಾಕಿಸಿ ಕಳಿಸಿ," ಎಂದರು.

ಆರು ಗಂಟೆಗೆ ಬುಗುರಿಯ ಫೋನ್. ಈ ಸಲ ಅಳುವಿನ ಬದಲು ಹಿಂದೆ ಹುಡುಗಿಯರ ಗಲಾಟೆ, ಅದರಲ್ಲಿ ಒಬ್ಬಳ ಧ್ವನಿ ಎಲ್ಲರಿಗಿಂತ ಮೇಲಿನಿಂದ ಬರುತ್ತಿತ್ತು. ಜಿರಾಫೆಯದ್ದಿರಬೇಕು.

"ಪಟ್ಟೀಲಿ ನನ್ನ ಹೆಸರು ಇದೆ ಅಜ್ಜೀ! ಸಾರ್ ಈಗ ಎಲ್ಲರಿಗೂ ತಾಸು ತಾಸು ಅಂತಿದ್ದಾರೆ. ನಾಳೆ ಎರಡು ತಾಸು ಓಟ ಅಂತೆ."

"ಬೈದ್ರಾ?"

"ಬೈಲಿಲ್ಲ. ಒಂದು ಪ್ರಶ್ನೆ ಕೇಳಿದ್ರು. ಇಪ್ಪತ್ತು ಸಾಕಾಗಿತ್ತಲ್ಲ, ಮೇಲಿನ ಮೂರು ಯಾಕೆ ಮಾಡಿದೆ ಅಂತ."

"ನೀನೇನಂದೆ?"

"ಇಪ್ಪತ್ತಾದಾಗ ಇನ್ನೂ ನಾಲ್ಕು ಬೆಂಚು ಇತ್ತಲ್ಲ ಅಜ್ಜಿ. ನಾಲ್ಕು ಮಾತ್ರ ಹಾಗೇ ಬಿಟ್ಟು ಬಂದ್ರೆ, ಅದರ ಮೇಲೆ ಕೂರೋ ಮಕ್ಕಳು ಏನು ಪಾಪ ಮಾಡಿದ್ರು? ಹಾಗಂತ ಹೇಳೋಕೆ ನಾಚಿಕೆ ಆಯ್ತು."

"ಮತ್ತೆ?"

"ವಾರ್ನಿಷ್ ಒಣಗಲಿ ಅಂತ ಕಾಯ್ತಿದ್ದೆ ಸಾರ್, ಅಂದೆ."